ಉಪ್ಪು ಚೆಲ್ಲದ ಮನೆಗೆ ಮೆದು ನೀರು

ನಲವತ್ತು ಲಡಿ ನೂಲನ್ನು ತಿರಸ್ಕರಿಸಿ ಸಹಿ ಹಾಕಿದವಳು ನಾನೇ. ಆ ಕಾಗದದ ನಕಲು ಡೈರಿಯ ಪುಟಗಳ ನಡುವೆ ಇನ್ನೂ ಇದೆ: ‘ನೀಲಿ ಸಮವಾಗಿ ಹತ್ತಿಲ್ಲ, ನಮೂನೆಗೆ ಹೊಂದುವುದಿಲ್ಲ.’ ಸಹಿ ಮಾಡುವಾಗ ಕೈ ನಡುಗಿತ್ತೆಂದು ಅನೇಕರಿಗೆ ಹೇಳಿಕೊಂಡು ಬಂದಿದ್ದೇನೆ. ಕಾಗದದ ಮೇಲಿನ ಸಹಿಯಲ್ಲಿ ನಡುಕದ ಗುರುತೇ ಇಲ್ಲ, ಅಚ್ಚು ಹಾಕಿದಂತಿದೆ. ಆದ್ದರಿಂದ ಇಲ್ಲಿ ಬರೆಯುವಾಗ ನೆನಪು ಒಂದು ಹೇಳಿ ಡೈರಿ ಇನ್ನೊಂದು ಹೇಳಿದರೆ ಡೈರಿಯನ್ನೇ ನಂಬಬೇಕೆಂದು ನಿರ್ಧರಿಸಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನವಲಗುಂದದಲ್ಲಿ ಜಮಖಾನೆ ನೇಯುವ ಮನೆಗಳಿಂದ ಮಾಲು ಕೊಂಡು ಹೊರಗೆ ಮಾರುವ ಒಂದು ಸಣ್ಣ ಸಂಘವಿತ್ತು. ಅಲ್ಲಿ ಬಣ್ಣದ ನೂಲನ್ನು ನೋಡಿ, ತಿಕ್ಕಿ, ತೊಳೆದು, ಬಿಸಿಲಿಗಿಟ್ಟು ಪರೀಕ್ಷಿಸುವುದು ನನ್ನ ಕೆಲಸ. ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಧಾರವಾಡದಿಂದ ಬಂದವಳಿಗೆ ತೇರ್ಗಡೆ, ನಾಪಾಸು ಎಂದು ಬರೆಯುವುದು ಸುಲಭವಾಗಿತ್ತು.

ಆ ನಲವತ್ತು ಲಡಿ ಬಂದದ್ದು ಓಣಿಯ ತುದಿಯ ‘ಬಣ್ಣದ ಮನೆ’ಯಿಂದ. ಅಲ್ಲಿ ಇದ್ದವರು ಅತ್ತೆ, ಸೊಸೆ ಇಬ್ಬರೇ. ಸೊಸೆಯ ಗಂಡ ಲಾರಿ ಓಡಿಸುತ್ತಿದ್ದ, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ನೂಲಿಗೆ ಬಣ್ಣ ಹಾಕುವ ವಿದ್ಯೆಯನ್ನು ಅತ್ತೆ ತನ್ನ ಹೊಟ್ಟೆಯ ಹೆಣ್ಣುಮಕ್ಕಳಿಗೆ ಕಲಿಸಿರಲಿಲ್ಲ. ಮಗಳು ಇನ್ನೊಬ್ಬರ ಮನೆಗೆ ಹೋಗುವವಳು, ವಿದ್ಯೆ ಈ ಮನೆಯಲ್ಲೇ ಇರಬೇಕು ಎಂಬುದು ಅವರಲ್ಲಿ ನಡೆದುಬಂದ ಕಟ್ಟಳೆ. ಕಲಿಸಿದ್ದು ಸೊಸೆಗೆ. ಓಣಿಯ ಎಲ್ಲ ಮಗ್ಗಗಳ ನೂಲು ಬಣ್ಣ ಕಾಣುತ್ತಿದ್ದದ್ದು ಈ ಒಂದು ಮನೆಯ ತಾಮ್ರದ ಹಂಡೆಯಲ್ಲಿ.

ನೂಲನ್ನು ವಾಪಸು ಕೊಡಲು ನಾನೇ ಹೋದೆ. ಸೊಸೆ ಲಡಿಗಳನ್ನು ಎಣಿಸಲಿಲ್ಲ. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಒಂದೇ ಎಳೆಯಲ್ಲಿ ಅಲ್ಲಿ ಕಪ್ಪು ನೀಲಿ, ಇಲ್ಲಿ ಬೂದಿ ನೀಲಿ.

“ಅಕ್ಕಾರ, ನೂಲು ಕೆಟ್ಟೈತಿ ಅನ್ನೂದು ನನ್ನ ಕಣ್ಣಿಗೂ ಕಾಣತೈತ್ರಿ. ಯಾಕ ಕೆಟ್ಟತು ಅನ್ನೂದನ್ನ ಚೀಟ್ಯಾಗ ಬರದ ಇಲ್ಲಲ್ರಿ ನೀವು?”

“ಅದು ನನ್ನ ಕೆಲಸ ಅಲ್ರಿ,” ಎಂದೆ.

“ಮತ್ತ ಯಾರದ್ರಿ?”

ಈ ಎರಡು ಮಾತುಗಳನ್ನು ಡೈರಿಯಲ್ಲಿ ಹಾಗೆಯೇ ಬರೆದಿದ್ದೇನೆ, ಕೆಳಗೆ ಗೆರೆ ಎಳೆದಿದ್ದೇನೆ. ಒಳಗಿನಿಂದ ಅತ್ತೆಯ ಧ್ವನಿ ಬಂತು: “ಬಣ್ಣ ಹಳೇದು, ಹಂಡಿ ಹಳೇದು, ಕೈಯೂ ಹಳೇವ. ಹೊಸಾದು ಅಂದ್ರ ಈ ಮನಿ ಒಂದ ನೋಡ ಬೇಟಿ.”

ಆಸ್ತಿ ಪಾಲಾದ ಮೇಲೆ ಅವರು ಆ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಕೆರೆಯ ಬಳಿಯ ಹಳೆಯ ಮನೆ ಹಿರಿಯ ಮಗನಿಗೆ ಹೋಗಿತ್ತು. ಈ ಮನೆಯನ್ನು ಆರಿಸಿಕೊಂಡವಳು ಅತ್ತೆಯೇ, ಹಿತ್ತಲಿನ ಬಾವಿಯ ಆಸೆಗೆ. ನವಲಗುಂದದ ಬಾವಿಗಳು ಹೆಚ್ಚಾಗಿ ಸವಳು. ಈ ಬಾವಿಯ ನೀರನ್ನು ಅವಳು ಬೊಗಸೆಯಲ್ಲಿ ಕುಡಿದು ನೋಡಿ, ಸಿಹಿ ಎಂದು ಒಪ್ಪಿ, ಹಳೆಯ ಮನೆಯನ್ನು ಬಿಟ್ಟುಕೊಟ್ಟಿದ್ದಳು. ಅಲ್ಲಿದ್ದಾಗ ಬಣ್ಣಕ್ಕೆ ಕೆರೆಯ ನೀರು. ಆ ವರ್ಷ ಊರವರು ಕೂಡಿ ಕೆರೆಯ ನೀರು ಕುಡಿಯಲಿಕ್ಕೆ ಮಾತ್ರ ಎಂದು ಕಟ್ಟು ಮಾಡಿದ್ದರು. ಸ್ವಂತ ಬಾವಿ ಇದ್ದವರಿಗೆ ಅದರ ಚಿಂತೆ ಯಾಕೆ ಎಂದು ಇವರು ನಿಶ್ಚಿಂತರಾಗಿದ್ದರು.

ನಮ್ಮ ವ್ಯವಸ್ಥಾಪಕರು ಕೆಟ್ಟವರಲ್ಲ, ಅವಸರದವರು. ದೊಡ್ಡ ಸಭಾಗೃಹವೊಂದಕ್ಕೆ ಒಂದೇ ಜಮಖಾನೆಯ ಬೇಡಿಕೆ ಬಂದಿತ್ತು. ಅಂಚಿಗೆ ನವಿಲುಗಳ ಸಾಲು, ನಡುವೆ ಪಗಡೆಯ ಹಾಸು, ಉಳಿದ ಮೈಯೆಲ್ಲ ನೀಲಿ. ನಲವತ್ತು ಲಡಿಯೂ ಒಂದೇ ನೀಲಿ ಇರಬೇಕು. ಹಿಂದಿನ ವರ್ಷ ಇದೇ ಅತ್ತೆ ಸೊಸೆ ಹಳೆಯ ಮನೆಯಲ್ಲಿ ಹಾಕಿದ ನೀಲಿಯ ಒಂದು ಲಡಿ ಚೀಟಿ ಕಟ್ಟಿಸಿಕೊಂಡು ನಮೂನೆಯಾಗಿ ಕಪಾಟಿನಲ್ಲಿತ್ತು.

“ಒಂದು ತಿಂಗಳ ಟೈಮ್ ಕೊಡತೀನಿ ನೋಡ್ರಿ,” ಎಂದರು. “ಆಗಲಿಲ್ಲಂದ್ರ ಹುಬ್ಬಳ್ಳ್ಯಾಗ ಬಣ್ಣದ ಕಾರಖಾನಿ ಐತಿ, ಅಲ್ಲಿಂದ ತರಸೂಣು. ಇದೊಂದಕ್ಕಲ್ಲ, ಎಲ್ಲಾ ಮಗ್ಗಕ್ಕೂ.”

ಎಲ್ಲ ಮಗ್ಗಕ್ಕೂ ಎಂದರೆ ಆ ಹಂಡೆ ಬೋರಲು ಬಿದ್ದಂತೆ. ಸೊಸೆ ಬರೀ ನೇಯುವವಳಾಗಿ ಉಳಿಯುತ್ತಾಳೆ. ಅತ್ತೆ ಮಗಳಿಂದ ಮುಚ್ಚಿಟ್ಟು ಸೊಸೆಗೆ ಕೊಟ್ಟ ವಿದ್ಯೆ ಒಂದೇ ತಲೆಮಾರಿಗೆ ಮುಗಿಯುತ್ತದೆ. ನೂಲು ಕೆಟ್ಟ ಕಾರಣ ಹುಡುಕುವ ಕೆಲಸಕ್ಕೆ ನಾನು ಬಿದ್ದದ್ದು ಅವರಿಗಾಗಿಯೋ, ‘ಮತ್ತ ಯಾರದ್ರಿ’ ಎಂಬ ಮಾತು ಚುಚ್ಚಿದ್ದಕ್ಕೋ, ಆಗಲೂ ಗೊತ್ತಿರಲಿಲ್ಲ, ಈಗಲೂ ಇಲ್ಲ.

*

ಧಾರವಾಡಕ್ಕೆ ಹೋಗಿ ನಾನು ಓದಿದ ಪ್ರಯೋಗಾಲಯದಿಂದ ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ ಬ್ಯುರೆಟ್ ಒಂದು, ನಾಲ್ಕು ಗಾಜಿನ ಕುಪ್ಪಿ, ಬೇಕಾದ ದ್ರಾವಣಗಳನ್ನು ಎರವಲು ತಂದೆ. ಆದರೆ ಮೊದಲ ಪರೀಕ್ಷೆಗೆ ಅವು ಬೇಕಾಗಲಿಲ್ಲ. ಮೂರು ಬಾಟಲಿ ತೆಗೆದುಕೊಂಡು ಒಂದರಲ್ಲಿ ಕುಡಿಯಲು ತಂದಿಟ್ಟ ಕೆರೆಯ ನೀರು, ಒಂದರಲ್ಲಿ ನೆರೆಮನೆಯ ಸವಳು ಬಾವಿಯ ನೀರು, ಒಂದರಲ್ಲಿ ಇವರ ಸಿಹಿ ಬಾವಿಯ ನೀರು ತುಂಬಿದೆ. ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಿದೆ. ಕೆರೆಯ ನೀರು ನಾಲ್ಕೈದು ಹನಿಗೆ ನೊರೆ ಕಟ್ಟಿತು. ಸವಳು ನೀರು ಸ್ವಲ್ಪ ಹೆಚ್ಚು ಕೇಳಿತು. ಸಿಹಿ ನೀರಿಗೆ ಎಷ್ಟು ಹಾಕಿದರೂ ನೊರೆಯಿಲ್ಲ. ಮೇಲೆ ಒಡೆದ ಹಾಲಿನಂಥ ಬಿಳಿ ತೇಲಿತು.

ಅತ್ತೆ ಬಾಟಲಿಯನ್ನು ನನ್ನ ಕೈಯಿಂದ ಕಸಿದುಕೊಂಡು ತಾನೇ ಕುಲುಕಿದಳು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. “ಸಾಬೂನು ಹಾಕಿ ಕೆಡಿಸೀದಿ ನೋಡು. ಬಾವಿ ನೀರು ಅಗದಿ ಸಿಹಿ ಐತಿ.”

“ಸಿಹಿ ಐತ್ರಿ ಅಮ್ಮಾ. ಆದರ ಗಡಸು ಐತಿ. ಸುಣ್ಣದ ಅಂಶ ಕರಗೇತಿ ಅದರಾಗ. ಅದು ನಾಲಿಗಿಗೆ ತಿಳಿಯಂಗಿಲ್ಲ.”

“ನನ್ನ ನಾಲಿಗಿಗೆ ತಿಳಿಯಂಗಿಲ್ಲ?”

ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅತ್ತೆ ಅವಳ ಕಡೆ ತಿರುಗಿ, “ನಗು ನಗು. ಹಳೇ ಮನ್ಯಾಗಿರೋ ನಿನ್ನ ನೆಗೆಣ್ಣಿ ಕೇಳಿದ್ರ ಇನ್ನೂ ನಗತಾಳ,” ಎಂದು ಒಳಗೆ ಹೋದಳು. ಹಳೆಯ ಮನೆಯನ್ನು ಬಿಟ್ಟುಕೊಟ್ಟದ್ದು ಆ ನಾಲಿಗೆಯ ಭರವಸೆಯ ಮೇಲೆ ಎಂಬುದನ್ನು ನಾನು ಆ ಕ್ಷಣ ಮರೆತಿದ್ದೆ. ವಿದ್ಯಾವಂತರು ಸಾಮಾನ್ಯವಾಗಿ ಮಾಡುವ ಒರಟುತನ ಅದು.

ಕಾರಣವೇನೋ ತಿಳಿಯಿತು. ಬಣ್ಣ ಹಾಕುವ ಮೊದಲು ನೂಲಿನ ಜಿಡ್ಡು ತೆಗೆಯಲು ಸೋಡಾ, ಸಾಬೂನು ಹಾಕಿ ಕುದಿಸುತ್ತಾರೆ. ಗಡಸು ನೀರಿನಲ್ಲಿ ಸಾಬೂನು ಒಡೆದು ಎಳೆಗೆ ಮೆತ್ತಿಕೊಳ್ಳುತ್ತದೆ, ಮೆತ್ತಿದ ಕಡೆ ಬಣ್ಣ ಹತ್ತುವುದಿಲ್ಲ. ಬಣ್ಣವೂ ಸುಣ್ಣದೊಡನೆ ಕೂಡಿ ಗರಣೆಗಟ್ಟುತ್ತದೆ. ನೀರನ್ನು ಮೆದು ಮಾಡಬೇಕು. ಹೇಗೆ ಎಂಬುದು ಮುಂದಿನ ಪ್ರಶ್ನೆ.

ಸುಲಭದ್ದರಿಂದ ಶುರು ಮಾಡಿದೆ. ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ನೋಡಿದೆವು. ಹಂಡೆಯ ಅಂಚಿಗೆ ಬಿಳಿ ಪದರು ಕಟ್ಟಿತು, ಗಡಸುತನ ಒಂದಿಷ್ಟು ಇಳಿಯಿತು, ಸಾಲಲಿಲ್ಲ. ಬಳಿಕ ಪುಸ್ತಕದಲ್ಲಿದ್ದ ವಿಧಾನ: ಲೆಕ್ಕ ಹಾಕಿ ಸುಣ್ಣದ ತಿಳಿ, ತೊಳೆಯುವ ಸೋಡಾ ಬೆರೆಸಿ, ಕೋಲಿನಿಂದ ತಿರುವಿ, ಮರುದಿನದವರೆಗೆ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸುವುದು. ಮೊದಲ ಹಂಡೆ ನೀರಿನಲ್ಲಿ ನೊರೆ ಎದ್ದಾಗ ಸೊಸೆ ಚಪ್ಪಾಳೆ ಹೊಡೆದಳು. ಎರಡು ಲಡಿ ಹಾಕಿದೆವು. ನೀರು ಕುದಿಯತೊಡಗಿದ್ದೇ ಬಿಳಿ ಪುಡಿ ಮತ್ತೆ ಹುಟ್ಟಿ, ನೀಲಿಯ ಮೇಲೆ ವಿಭೂತಿ ಉದುರಿಸಿದಂತೆ ಕೂತಿತು. ಪ್ರಮಾಣ ತಿದ್ದಿದೆ. ಬೆಳಿಗ್ಗೆ ಸೇದಿದ ನೀರಿಗೆ ಸರಿಹೋದದ್ದು, ನಾಲ್ಕು ತಾಸು ಸೇದಿ ಬಾವಿ ತಗ್ಗಿದ ಮೇಲೆ ಬಂದ ನೀರಿಗೆ ಸರಿಹೋಗಲಿಲ್ಲ. ಹತ್ತು ದಿನ ಇದರಲ್ಲೇ ಹೋಯಿತು. ಡೈರಿಯ ಆ ಪುಟಗಳಲ್ಲಿ ಲೆಕ್ಕವೇ ತುಂಬಿದೆ. ಕೊನೆಯ ಸಾಲು: ‘ಸೋಡಾ ದಾರಿ ಬಿಟ್ಟೆ. ಕೈಗಳು ಸುಟ್ಟಿವೆ, ನನ್ನವೂ, ಅವಳವೂ.’

*

ಹುಬ್ಬಳ್ಳಿಯಲ್ಲಿ ಬಾಯ್ಲರುಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಸಿಗುತ್ತದೆಂದು ತಿಳಿದು, ಒಂದು ಕ್ಯಾನು ಬಾವಿಯ ನೀರು ಹೊತ್ತುಕೊಂಡು ಬಸ್ಸು ಹತ್ತಿದೆ. ಮಾರುವವರು ಪಾನು ಜಗಿಯುತ್ತ ಎರಡು ಸಿಲಿಂಡರು ತೋರಿಸಿದರು. ಒಂದು ಸೊಂಟದೆತ್ತರ, ಒಳಗೆ ಇದ್ದಿಲ ನುಚ್ಚಿನಂಥ ಕರಿ ಹರಳು. ಇನ್ನೊಂದು ಅದರ ಅರ್ಧ, ಒಳಗೆ ಜೇನಿನ ಬಣ್ಣದ ಸಣ್ಣ ಕಾಳು.

“ದೊಡ್ಡದ ತಗೋರಿ ಅಕ್ಕಾರ. ಎಂಥಾ ಸವಳು ನೀರು ಹಾಕ್ರಿ, ಕಬ್ಬಿನ ಹಾಲು ಆಗಿ ಬರತೈತಿ.”

“ಸವಳು ಹೋಗಂಗಿಲ್ರಿ ಇದರಾಗ,” ಎಂದೆ. “ಸುಣ್ಣ ಹಿಡಕೊಂಡು ಉಪ್ಪು ಬಿಡತೈತಿ, ಅಷ್ಟ.”

ಅವರು ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ನೀವು ಓದಿದಾವ್ರು ಕಾಣತೀರಿ. ಹಂಗಂದ್ರ ಬ್ಯಾರೆ ರೇಟ್ ಮಾತಾಡೂಣು.”

ಎರಡರಲ್ಲೂ ನನ್ನ ಕ್ಯಾನಿನ ನೀರನ್ನು ಹಾಯಿಸಿ ತೋರಿಸಿ ಎಂದು ಹಟ ಹಿಡಿದೆ. ಎರಡೂ ನೀರನ್ನು ಮೆದು ಮಾಡಿದವು. ಆದರೆ ಕರಿ ಹರಳಿನಿಂದ ಬಂದ ನೀರಿಗೆ ತಿಳಿ ಚಹಾದ ಛಾಯೆ ಇತ್ತು. ನಾಲ್ಕು ದಿನ ತೊಳೆದರೆ ಹೋಗುತ್ತದೆ ಎಂದರು. ಹೋಗುತ್ತಿತ್ತೇನೋ. ಅಡುಗೆಗೆ, ಸ್ನಾನಕ್ಕೆ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಬಿಳಿ ನೂಲಿಗೆ ಚಹಾ ಹತ್ತಿದರೆ ನೀಲಿ ಹಸಿರಿಗೆ ತಿರುಗುತ್ತದೆ. ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಸಣ್ಣ ಸಿಲಿಂಡರಿನ ಹತ್ತು ಲೀಟರು ಕಾಳು ಆ ಬಾವಿಯ ಸುಮಾರು ಅರವತ್ತು ಕೊಡ ನೀರಿಗೆ ಸಾಕು. ಒಂದು ಬಾರಿಯ ಬಣ್ಣಕ್ಕೆ, ಜಿಡ್ಡು ತೆಗೆಯುವುದರಿಂದ ಹಿಡಿದು ಜಾಲಿಸುವುದರವರೆಗೆ ಮೂವತ್ತು ಕೊಡ. ಎಂದರೆ ಎರಡು ಹಂಡೆ ಬಣ್ಣಕ್ಕೊಮ್ಮೆ ಕಾಳಿಗೆ ಉಪ್ಪುನೀರು ಕುಡಿಸಿ, ಅದು ಹಿಡಿದ ಸುಣ್ಣವನ್ನು ಬಿಡಿಸಿ ಹೊಸದು ಮಾಡಬೇಕು. ಸಣ್ಣದನ್ನೇ ಆರಿಸಿದೆ. ಪರೀಕ್ಷೆಗೆಂದು ತೆಗೆದುಕೊಂಡು, ಫಲ ಕಾಣದಿದ್ದರೆ ತಿಂಗಳೊಳಗೆ ವಾಪಸು ಎಂದು ಸಂಘದ ಪರವಾಗಿ ಬರೆದುಕೊಟ್ಟೆ. ಹಾಗೆ ಬರೆದುಕೊಡುವ ಅಧಿಕಾರ ನನಗಿರಲಿಲ್ಲ.

ಬಣ್ಣದ ಮನೆಯ ಹಿತ್ತಲಲ್ಲಿ ಕಲ್ಲಿನ ಕಟ್ಟೆಯ ಮೇಲೆ ಡ್ರಮ್ಮು, ಅದರಿಂದ ರಬ್ಬರಿನ ಕೊಳವೆ, ಕೆಳಗೆ ಸಿಲಿಂಡರು. ಕೊಡದಿಂದ ಡ್ರಮ್ಮಿಗೆ ಸುರಿದರೆ ನೀರು ತಾನೇ ಇಳಿದು ಕಾಳುಗಳ ನಡುವೆ ಹಾಯ್ದು ಬರುತ್ತಿತ್ತು. ಸೊಸೆ ಒಂದು ಚಿಟಿಕೆ ಕಾಳನ್ನು ಅಂಗೈಯಲ್ಲಿ ಉರುಳಿಸಿ, “ಸಾಸ್ವಿ ಇದ್ದಂಗ ಐತಿ. ಒಗ್ಗರಣಿ ಹಾಕಬಹುದು ನೋಡ್ರಿ,” ಎಂದಳು.

ಬಂದ ನೀರನ್ನು ಈ ಸಲ ಬ್ಯುರೆಟ್ಟಿನಲ್ಲಿ ಪರೀಕ್ಷಿಸಿದೆ. ಕುಪ್ಪಿಯ ನೀರಿಗೆ ಚಿಟಿಕೆ ಕರಿ ಪುಡಿ ಹಾಕಿದರೆ, ಸುಣ್ಣದ ಅಂಶವಿರುವ ನೀರು ನೇರಳೆಗೆಂಪಾಗುತ್ತದೆ. ಬ್ಯುರೆಟ್ಟಿನಿಂದ ದ್ರಾವಣದ ಹನಿ ಬಿಡುತ್ತ ಹೋದಂತೆ ಒಂದು ಹಂತದಲ್ಲಿ ಸ್ವಚ್ಛ ನೀಲಿಗೆ ತಿರುಗುತ್ತದೆ. ಎಷ್ಟು ಹನಿ ಬೇಕಾಯಿತೋ ಅಷ್ಟು ಗಡಸು. ಬಾವಿಯ ನೀರಿಗೆ ಬ್ಯುರೆಟ್ಟಿನ ಅರ್ಧ ಖಾಲಿಯಾಯಿತು. ಸಿಲಿಂಡರಿನ ನೀರು ಪುಡಿ ಬಿದ್ದೊಡನೆ ತಾನಾಗಿ ನೀಲಿಯಾಯಿತು, ಹನಿಯೇ ಬೇಕಾಗಲಿಲ್ಲ.

“ಅಗಸಿ ಹೂವಿನ ನೀಲಿ!” ಎಂದಳು ಸೊಸೆ. ನನಗಿಂತ ಮೊದಲೇ ಅವಳ ಕಣ್ಣಿಗೆ ತಿರುವು ಕಾಣುತ್ತಿತ್ತು. ಮರುದಿನದಿಂದ ಬ್ಯುರೆಟ್ಟನ್ನು ಅವಳ ಕೈಗೇ ಕೊಟ್ಟೆ. ಐದು ಲಡಿಯ ಒಂದು ಪರೀಕ್ಷೆಯ ಹಂಡೆ ಹಾಕಿದಳು. ತುದಿಯಿಂದ ತುದಿಗೆ ಒಂದೇ ನೀಲಿ. ಮರುದಿನ ಇನ್ನೈದು. ಅವೂ ಹಾಗೆಯೇ.

ಡೈರಿಯಲ್ಲಿ ಆ ದಿನ ‘ಗೆದ್ದೆವು’ ಎಂದು ಬರೆದಿದ್ದೇನೆ. ಇನ್ನೂ ಒಮ್ಮೆಯೂ ಕಾಳಿಗೆ ಉಪ್ಪು ಕುಡಿಸಿರಲಿಲ್ಲ.

*

ಉಪ್ಪು ಕುಡಿಸುವ ದಿನ ಎರಡು ಕಿಲೋ ಹರಳುಪ್ಪನ್ನು ಎರಡು ಕೊಡ ಮೆದು ನೀರಿನಲ್ಲಿ ಕರಗಿಸಿ, ಚಿಟಿಕೆ ತೊಳೆಯುವ ಸೋಡಾ ಹಾಕಿ ಕಲ್ಮಶ ಇಳಿಸಿ, ತಿಳಿಯನ್ನು ಡ್ರಮ್ಮಿಗೆ ಸುರಿಸಿದೆ. ಕೆಳಗಿನ ನಳಿಕೆಯಿಂದ ಬಂದದ್ದು ಮೋರಿಗೆ ಹೋಗಲಿ ಎಂದೆ.

ಅತ್ತೆ ನಳಿಕೆಯ ಕೆಳಗೆ ಕೈಯೊಡ್ಡಿದಳು. “ಉಪ್ಪು ಚೆಲ್ಲತೀ ಏನ?”

“ಇದು ಕೆಲಸ ಮುಗಿಸಿದ ಉಪ್ಪುರಿ ಅಮ್ಮಾ.”

“ನೆಲದ ಮ್ಯಾಲ ಚೆಲ್ಲಿದ ಉಪ್ಪನ್ನ ಖಯಾಮತ್ತಿನ ದಿನ ಕಣ್ಣರೆಪ್ಪೀಲೆ ಎತ್ತಬೇಕಾಗ್ತೈತಿ. ನಿನ್ನ ಕಾಲೇಜಿನ್ಯಾಗ ಹೇಳಲಿಲ್ಲೇನು?”

ಉಪ್ಪನ್ನು ಚೆಲ್ಲಬಾರದು, ತುಳಿಯಬಾರದು ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ಕೊನೆಯ ತೀರ್ಪಿನ ದಿನ ರೆಪ್ಪೆಯಿಂದ ಎತ್ತುವ ಶಿಕ್ಷೆಯನ್ನು ಮಾತ್ರ ನಾನು ಅಲ್ಲೇ ಕೇಳಿದ್ದು. ನಕ್ಕುಬಿಟ್ಟೆ. ಆ ಸಲದ ಉಪ್ಪುನೀರು ಮೋರಿಗೇ ಹೋಯಿತು. ಅತ್ತೆ ಕಣ್ಣು ಮುಚ್ಚಿ ಏನೋ ಗುಣುಗುಟ್ಟುತ್ತ ನಿಂತಿದ್ದಳು. ಮುಂದಿನ ಬಾರಿಯಿಂದ ಈ ಕೆಲಸ ತನ್ನದು, ತಾನೇ ಮಾಡುತ್ತೇನೆ ಎಂದಳು. ನನಗೆ ಸಂತೋಷವೇ ಆಯಿತು.

ಒಂದು ವಾರ ನಾನು ಅಣ್ಣಿಗೇರಿಯ ಕಡೆ ಮಗ್ಗಗಳನ್ನು ನೋಡಲು ಹೋದೆ. ಬಂದಾಗ ಸೊಸೆ ಬಾಗಿಲಲ್ಲೇ ಸಿಕ್ಕಳು. ನೇರವಾಗಿ ಹಿತ್ತಲಿಗೆ ಕರೆದೊಯ್ದಳು. ಹಗ್ಗದ ಮೇಲೆ ಹತ್ತು ಲಡಿ, ಮತ್ತೆ ಅಲ್ಲಲ್ಲಿ ಬೂದಿ ನೀಲಿ. ನಮ್ಮ ಗಡುವಿಗೆ ಒಂಬತ್ತು ದಿನ ಉಳಿದಿತ್ತು.

“ಕಾಳಿನ ಡಬ್ಬಿ ಸತ್ತೈತ್ರಿ ಅಕ್ಕಾರ.”

ನೀರನ್ನು ಪರೀಕ್ಷಿಸಿದಳು. ನೇರಳೆಗೆಂಪು. ಉಪ್ಪು ಕುಡಿಸಿದ್ದು ನಿನ್ನೆಯಷ್ಟೇ ಎಂದಳು. ಕಾಳು ಕೆಟ್ಟಿತೋ, ಅಂಗಡಿಯವರು ಮೋಸ ಮಾಡಿದರೋ, ನನ್ನ ಲೆಕ್ಕವೇ ತಪ್ಪೋ ಎಂದು ಇಡೀ ಮುಂಜಾನೆ ತಲೆ ಕೆಡಿಸಿಕೊಂಡೆ. ಡ್ರಮ್ಮು ಬಿಚ್ಚಿದೆ, ಕೊಳವೆ ತೊಳೆದೆ. ಕೈ ಒರೆಸಲು ಬಟ್ಟೆ ಹುಡುಕುತ್ತ ಪಡಸಾಲೆಯ ಮಂಚದ ಬಳಿ ಬಗ್ಗಿದಾಗ ಕಂಡದ್ದು ನಾಲ್ಕು ಗಡಿಗೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಸಾಲಾಗಿ ಮಂಚದ ಕೆಳಗೆ ಇಟ್ಟಿದ್ದರು.

ಉಪ್ಪುನೀರು. ಅತ್ತೆ ಒಂದು ಹನಿಯನ್ನೂ ಚೆಲ್ಲಿರಲಿಲ್ಲ. ನಳಿಕೆಯಿಂದ ಬಂದದ್ದನ್ನೆಲ್ಲ ಗಡಿಗೆಗೆ ಹಿಡಿದು, ಮರುಸಲ ಅದನ್ನೇ ಡ್ರಮ್ಮಿಗೆ ಸುರಿದು, ಮೇಲೊಂದು ಮುಷ್ಟಿ ಹೊಸ ಉಪ್ಪು ಹಾಕುತ್ತಿದ್ದಳು. ಕಾಳು ಬಿಟ್ಟುಕೊಟ್ಟ ಸುಣ್ಣದ ಅಂಶವನ್ನೆಲ್ಲ ಮತ್ತೆ ಕಾಳಿಗೇ ಕುಡಿಸುತ್ತಿದ್ದಳು.

ಸೊಸೆ ಗಡಿಗೆಗಳನ್ನು ನೋಡಿ ಗೋಡೆಗೆ ಒರಗಿ ಕೂತಳು. “ಅಮ್ಮಾ, ನಾವು ಮುಳುಗಿದ್ವಿ,” ಎಂದಳು. ಅತ್ತೆ ಮಂಚದ ಅಂಚು ಹಿಡಿದು ನಿಂತೇ ಇದ್ದಳು. “ಬಾವಿನೂ ನಾನ ಆರಿಸಿದ್ದು, ಉಪ್ಪೂ ನಾನ ಮುಚ್ಚಿಟ್ಟಿದ್ದು. ಎಲ್ಲಾ ನನ್ನ ಮ್ಯಾಲ ಬರ್ಕೊ ಬೇಟಿ, ಅಕೀ ಮ್ಯಾಲ ಬರೀಬ್ಯಾಡ.”

ಇಲ್ಲಿಂದ ಮುಂದಿನದನ್ನು ನಾನು ವರ್ಷಗಟ್ಟಲೆ ಹೀಗೆ ಹೇಳುತ್ತ ಬಂದೆ: ನನಗೆ ಆಗ ಹೊಳೆಯಿತು, ಉಪ್ಪುನೀರನ್ನು ಭಾಗ ಮಾಡಿ ನೋಡಬೇಕೆಂದು. ಎರಡು ಉಪನ್ಯಾಸಗಳಲ್ಲಿ ಹೇಳಿದ್ದೇನೆ. ಇದನ್ನು ಬರೆಯಲು ಡೈರಿ ತೆಗೆದಾಗ ನನ್ನದೇ ಅಕ್ಷರದಲ್ಲಿ ಇದ್ದದ್ದು ಬೇರೆ. ಅಂದು ನಾನು ಹೇಳಿದ್ದು: “ಎಲ್ಲಾ ಚೆಲ್ಲಬೇಕ್ರಿ ಅಮ್ಮಾ, ಬ್ಯಾರೆ ದಾರಿ ಇಲ್ಲ.” ಅದಕ್ಕೆ ಅವಳು ಕೇಳಿದ್ದು: “ಮದಲ ಬಂದದ್ದೂ ಕಡೀಕ ಬಂದದ್ದೂ ಒಂದ ರುಚಿ ಇಲ್ಲ. ಎಲ್ಲಾ ಕೆಟ್ಟೈತಿ ಅಂತ ಹೆಂಗ ಹೇಳತಿ?”

ರುಚಿ ನೋಡಿದ್ದಳು! ಹಿಡಿಯುವಾಗಲೆಲ್ಲ ಬೆರಳು ಅದ್ದಿ ನೋಡುತ್ತಿದ್ದಳಂತೆ. ಮೊದಲಿಗೆ ಚಪ್ಪೆ, ಆಮೇಲೆ ಗಂಟಲು ಹಿಡಿಯುವ ಕಹಿ, ಕೊನೆಗೆ ಬರೀ ಉಪ್ಪು.

ಅದನ್ನು ಕೇಳಿದ ಮೇಲೆ ನನ್ನ ತಲೆ ಓಡಿತು, ಅಷ್ಟು ನಿಜ. ಕಾಳಿನಲ್ಲಿದ್ದ ಸುಣ್ಣದ ಅಂಶ ನಡುವಿನ ನೀರಿನಲ್ಲೇ ಹೊರಬಿದ್ದು ಮುಗಿದರೆ, ಕೊನೆಗೆ ಬರುವುದು ಕೆಲಸವಿಲ್ಲದೆ ದಾಟಿಹೋದ ಉಪ್ಪು. ಆಗ ತೀರ್ಮಾನ ಮಾಡಿದೆ: ಆ ಮನೆಯಲ್ಲಿ ಉಪ್ಪನ್ನು ಚೆಲ್ಲಲು ಇನ್ನು ಯಾರಿಗೂ ಹೇಳುವುದಿಲ್ಲ. ಸುಣ್ಣದ ನೀರಿಗೂ ಉಪ್ಪುನೀರಿಗೂ ನಡುವೆ ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನು ಮಾತ್ರ ಹುಡುಕುತ್ತೇನೆ.

ಹೊಸದಾಗಿ ಎರಡು ಕಿಲೋ ಉಪ್ಪು ಕರಗಿಸಿದೆವು. ನಳಿಕೆಯಿಂದ ಬಂದದ್ದನ್ನು ತಂಬಿಗೆ ತಂಬಿಗೆಯಾಗಿ ಹಿಡಿದು ಅಂಗಳದಲ್ಲಿ ಸಾಲು ಇಟ್ಟೆವು. ತಂಬಿಗೆ ಸಾಲದೆ ಚರಿಗೆ, ಬೋಗುಣಿ, ನೆರೆಮನೆಯ ಡಬರಿ ಎಲ್ಲ ಬಂದವು. ಮೂವತ್ತು ಪಾತ್ರೆ. ಅತ್ತೆಗೆ ಬೆನ್ನು ತಿರುಗಿಸಿ ಕೂತು ಸೊಸೆ ಬ್ಯುರೆಟ್ಟಿನಲ್ಲಿ ಒಂದೊಂದನ್ನೇ ನೋಡಿದಳು, ನಾನು ಬರೆದುಕೊಂಡೆ. ಆಮೇಲೆ ಅತ್ತೆಯನ್ನು ಕರೆದೆವು. ಅವಳು ಸಾಲಿನ ಉದ್ದಕ್ಕೂ ನಡೆದಳು, ಕಿರುಬೆರಳಿನ ತುದಿ, ನಾಲಿಗೆಯ ತುದಿ, ಉಗುಳು, ಮುಂದಿನದು.

“ಇಲ್ಲೀತನಕ ಇದು ಉಪ್ಪಲ್ಲ. ಕಹಿ. ಬಾವ್ಯಾಗಿನ ಹೊಲಸು. ಚೆಲ್ರಿ.” ಅವಳ ಬೆರಳು ಹದಿನೇಳನೆಯ ಪಾತ್ರೆಯ ಮೇಲಿತ್ತು. “ಇಲ್ಲಿಂದ ಉಪ್ಪು.” ಹದಿನೆಂಟನೆಯದು.

ನನ್ನ ಕಾಗದದಲ್ಲಿ ಗೆರೆ ಎಳೆದದ್ದು ಹತ್ತೊಂಬತ್ತಕ್ಕೆ.

ಸೊಸೆ ಕಾಗದ ನೋಡಿದಳು, ಅತ್ತೆಯನ್ನು ನೋಡಿದಳು. “ಅಕ್ಕಾರ, ಧಾರವಾಡದಿಂದ ಆ ಗಾಜಿನ ಕೊಳವಿ ಹೊತ್ತುಕೊಂಡು ಬಂದದ್ದು ದಂಡ ಆತಲ್ರಿ.”

“ಬಾವಿ ನೀರಿನ್ಯಾಗ ಸೋತಿದ್ದೆ,” ಎಂದಳು ಅತ್ತೆ. “ಈಗ ಸಮ ಆತು.”

ಕಹಿ ನೀರನ್ನು ಅವಳೇ ತನ್ನ ಕೈಯಿಂದ ಬೀದಿಯ ದೂಳಿಗೆ ಚೆಲ್ಲಿದಳು. ಅದು ಉಪ್ಪಲ್ಲವೆಂದು ಅವಳ ನಾಲಿಗೆ ಸಾಕ್ಷಿ ಹೇಳಿತ್ತು. ಉಳಿದ ಉಪ್ಪುನೀರನ್ನು ಏನು ಮಾಡುವುದು ಎಂಬುದಕ್ಕೆ ಉತ್ತರ ಸೊಸೆಯದು: “ಹೆಂಗೂ ಬಣ್ಣದ ಹಂಡಿಗೆ ಉಪ್ಪು ಹಾಕತೀವಲ್ರಿ. ಇದನ್ನ ಒಣಗಿಸಿದ್ರ ಆತು.” ನೀಲಿ ಎಳೆಗೆ ಹತ್ತಲು ಹಂಡೆಗೆ ತೂಕ ಮಾಡಿ ಉಪ್ಪು ಹಾಕುವುದು ಅವರ ಹಳೆಯ ಕ್ರಮ. ಅಗಲವಾದ ಪರಾತಗಳಲ್ಲಿ ಸುರಿದು ಮಾಳಿಗೆಯ ಮೇಲೆ ಇಟ್ಟೆವು. ನವಲಗುಂದದ ಮೇ ತಿಂಗಳ ಬಿಸಿಲು ಮೂರು ದಿನದಲ್ಲಿ ಕೆಲಸ ಮುಗಿಸಿತು. ತಳದಲ್ಲಿ ಬೆಳ್ಳಗೆ ಉಪ್ಪು. ಕೆರೆದು ತೂಗಿದಾಗ ಹಾಕಿದ್ದರ ಮೂರರಲ್ಲೊಂದು ಪಾಲು ಮರಳಿ ಬಂದಿತ್ತು.

*

ಐದು ದಿನ, ನಾಲ್ಕು ಹಂಡೆ, ನಲವತ್ತು ಲಡಿ. ಒಂದೊಂದು ಹಂಡೆಗೂ ಹತ್ತು ಲಡಿ. ಸೊಸೆ ಕೋಲುಗಳ ಮೇಲೆ ಲಡಿ ತಿರುವುತ್ತಿದ್ದಳು. ಅತ್ತೆ ಒಣಗಿದ ಉಪ್ಪನ್ನು ಮೂರು ಕಂತಿನಲ್ಲಿ ಹಾಕುತ್ತಿದ್ದಳು. ನಾನು ನೀರು ಸೇದಿದೆ. ನಿಜವಾಗಿ ಅಷ್ಟೇ ಉಳಿದಿತ್ತು ನನಗೆ. ನಾಲ್ಕನೆಯ ಹಂಡೆ ಇಳಿದಾಗ ಅತ್ತೆ ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸುತ್ತೇನೆಂದು ಹರಕೆ ಹೊತ್ತಳು. ಕಾಳಿನ ಡಬ್ಬಿಯ ಹೆಸರಿನಲ್ಲೋ ನೂಲಿನ ಹೆಸರಿನಲ್ಲೋ ಎಂದು ಸೊಸೆ ಕೇಳಿದ್ದಕ್ಕೆ, “ನಿನ್ನ ಹೆಸರಿನ್ಯಾಗ, ಹುಚ್ಚಿ,” ಎಂದಳು.

ಗಡುವಿನ ದಿನ ವ್ಯವಸ್ಥಾಪಕರು ನಮೂನೆಯ ಲಡಿ ಹಿಡಿದು ತಾವೇ ಬಂದರು. ಹಿತ್ತಲ ಹಗ್ಗದ ಮೇಲೆ ನಲವತ್ತು ಲಡಿ ಬಿಸಿಲಿಗೆ ಇಳಿಬಿಟ್ಟಿದ್ದವು. ಅವರು ಮೊದಲನೆಯದರ ಪಕ್ಕ ನಮೂನೆ ಹಿಡಿದರು, ಎರಡನೆಯದರ ಪಕ್ಕ ಹಿಡಿದರು. ಕನ್ನಡಕ ತೆಗೆದು ಒರೆಸಿದರು.

“ಸಾಹೇಬ್ರ,” ಎಂದಳು ಅತ್ತೆ, “ಹಂಗ ಒಂದೊಂದ ನೋಡಿದ್ರ ಸಂಜಿ ಆಗತೈತಿ. ಅದರ ಚೀಟಿ ಬಿಚ್ಚರಿ. ಕೊಡ್ರಿಲ್ಲೆ.”

ಅವರು ಯಾಕೆಂದು ಕೇಳದೆ ಬಿಚ್ಚಿ ಕೊಟ್ಟರು. ಅತ್ತೆ ನಲವತ್ತನ್ನೂ ಹಗ್ಗದಿಂದ ಇಳಿಸಿ, ನಮೂನೆಯನ್ನು ನಡುವೆ ಸೇರಿಸಿ, ಚಾಪೆಯ ಮೇಲೆ ರಾಶಿ ಮಾಡಿ, ಎರಡೂ ಕೈಯಿಂದ ಕಲಸಿದಳು. ಮತ್ತೆ ಹಗ್ಗಕ್ಕೆ ಹಾಕಿದಳು. ನಲವತ್ತೊಂದು.

“ನಿಮ್ಮದು ಯಾವದು, ಹುಡುಕ್ಕೋರಿ.”

ವ್ಯವಸ್ಥಾಪಕರು ಹಗ್ಗದ ಆಚೆಯಿಂದ ಒಮ್ಮೆ, ಈಚೆಯಿಂದ ಒಮ್ಮೆ ನಡೆದರು. ಒಂದನ್ನು ಎತ್ತಿ ಮೂಸಿ ನೋಡಿದರು. ಇನ್ನೊಂದನ್ನು ಎಳೆದರು. ನನ್ನತ್ತ ತಿರುಗಿ, “ನೀವು ಹೇಳ್ರಿ,” ಎಂದರು. ಪರೀಕ್ಷಿಸುವವಳು ನಾನು. ನೋಡಿದೆ. ನನಗೂ ಗೊತ್ತಾಗಲಿಲ್ಲ. ಅಷ್ಟು ಸಂತೋಷದಿಂದ ನಾನು ಯಾವ ಪರೀಕ್ಷೆಯಲ್ಲೂ ನಾಪಾಸಾಗಿಲ್ಲ.

“ಹುಬ್ಬಳ್ಳಿಯವ್ರಿಗೆ ಬ್ಯಾಡ ಅಂತ ಬರದುಬಿಡ್ರಿ,” ಎಂದು ಅವರು ಚೀಟಿಯನ್ನು ಕಿಸೆಗೆ ಹಾಕಿಕೊಂಡರು. ಸಿಲಿಂಡರು ಹುಬ್ಬಳ್ಳಿಗೆ ವಾಪಸು ಹೋಗಲಿಲ್ಲ. ಹಂಡೆ ಬೋರಲು ಬೀಳಲಿಲ್ಲ.

ಜಮಖಾನೆ ನೇಯ್ದು ಮುಗಿದು ಸಭಾಗೃಹಕ್ಕೆ ಹೋದ ಬಳಿಕ ಕಚೇರಿಯ ಲೆಕ್ಕ ನೋಡಲು ಬಂದವರು ನಮೂನೆಯ ಲಡಿ ಎಲ್ಲಿ ಎಂದು ಕೇಳಿದರು. ಕಪಾಟಿನಲ್ಲಿ ಚೀಟಿ ಮಾತ್ರ ಇತ್ತು. ಬಣ್ಣದ ಮನೆಗೆ ಹೋಗಿ ವಿಚಾರಿಸಿದೆ. ಸೊಸೆ ಮಗ್ಗದ ಮುಂದೆ ಕೂತಿದ್ದಳು, ತಲೆ ಎತ್ತಲಿಲ್ಲ.

“ನಲವತ್ತೊಂದೂ ಹಾಕಿ ನೇದಬಿಟ್ಟೇನಿ ಅಕ್ಕಾರ. ಯಾವದು ಅಂತ ಆರಿಸಿ ತಗೀಲಿ?”

ದಾಖಲೆ ಪುಸ್ತಕದಲ್ಲಿ ಆ ಲಡಿಯ ಮುಂದೆ ‘ಪತ್ತೆಯಾಗಿಲ್ಲ’ ಎಂದು ಬರೆದು ಸಹಿ ಮಾಡಿದೆ. ಆ ಪುಟದ ನಕಲೂ ನನ್ನ ಬಳಿ ಇದೆ. ಸಹಿ ಸ್ವಲ್ಪ ಸೊಟ್ಟಗಿದೆ. ನಗುತ್ತ ಬರೆದಿದ್ದೆ ಎಂದು ನೆನಪು. ಡೈರಿಯಲ್ಲಿ ಅದರ ಬಗ್ಗೆ ಏನೂ ಇಲ್ಲ, ಆದರೆ ಈ ಒಂದು ನೆನಪನ್ನು ನಂಬುತ್ತೇನೆ.